ಅಂಗೈಯಲ್ಲಿ ಬೆಣ್ಣೆ, ಅತಿಥಿಯ ಮುಂದೆ ಹಲಗೆ

ಮನೆಗೆ ಬಂದ ಅತಿಥಿಯ ಮುಂದೆ ಏನನ್ನು ಇಡಬೇಕು ಎಂಬುದು ಮೇಲ್ನೋಟಕ್ಕೆ ಅಡುಗೆಮನೆಯ ಒಂದು ಸಣ್ಣ ಪ್ರಶ್ನೆ. ಆದರೆ ಒಂದು ಊರು ತನ್ನ ಬಗ್ಗೆ ತಾನೇ ಏನೆಂದುಕೊಂಡಿದೆ ಎಂಬುದು ಆ ಪ್ರಶ್ನೆಗೆ ಅದು ಕೊಡುವ ಉತ್ತರದಿಂದ ತಿಳಿಯುತ್ತದೆ. ನಮ್ಮ ಲಚ್ಯಾಣದಲ್ಲಿ, ಅಷ್ಟೇ ಏಕೆ, ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಬಹುತೇಕ ಹಳ್ಳಿಗಳಲ್ಲಿ ಈಚೆಗೆ ಕೊಡುತ್ತಿರುವ ಉತ್ತರ ನನಗೆ ಸಮಾಧಾನ ತಂದಿಲ್ಲ. ಆದ್ದರಿಂದ ಈ ಬರಹ.

ಪುಣೆ, ಬೆಂಗಳೂರುಗಳಲ್ಲಿ ನೌಕರಿ ಮಾಡುವ ನಮ್ಮ ಮಕ್ಕಳು, ಮೊಮ್ಮಕ್ಕಳು ಈಗ ‘ಚೀಸ್ ಬೋರ್ಡ್’ ಎಂಬ ಮಾತನ್ನು ಸಹಜವಾಗಿ ಆಡುತ್ತಾರೆ. ಗೆಳೆಯರು ಮನೆಗೆ ಬಂದಾಗ ಮರದ ಹಲಗೆಯೊಂದರ ಮೇಲೆ ನಾಲ್ಕೈದು ಬಗೆಯ ಚೀಸ್ ತುಂಡುಗಳು, ಪಕ್ಕದಲ್ಲಿ ಗರಿಗರಿ ಬಿಸ್ಕತ್ತು, ದ್ರಾಕ್ಷಿ, ಬಾದಾಮಿ, ಒಂದಿಷ್ಟು ಜೇನು ಇಟ್ಟು ನಡುವೆ ಇರಿಸುತ್ತಾರಂತೆ. ಸುತ್ತ ಕುಳಿತವರು ಮಾತನಾಡುತ್ತ ತಮಗೆ ಬೇಕಾದುದನ್ನು ಬೇಕಾದಷ್ಟು ಕೊಯ್ದುಕೊಂಡು ತಿನ್ನುತ್ತಾರಂತೆ. ಇದನ್ನು ಕೇಳಿ ನಮ್ಮ ಓರಗೆಯ ಹಿರಿಯರು ನಗುತ್ತಾರೆ. ನನಗೆ ನಗು ಬರುವುದಿಲ್ಲ. ಆ ಪದ್ಧತಿಯಲ್ಲಿ ಒಂದು ವಿವೇಕವಿದೆ. ಆ ವಿವೇಕವನ್ನು ನಾವು ಕಲಿಯಬೇಕು. ಚೀಸನ್ನು ಕೊಳ್ಳಬೇಕೇ ಬೇಡವೇ ಎಂಬುದು ಆಮೇಲಿನ ಮಾತು.

ಮೊದಲು ಆ ವಿವೇಕ ಯಾವುದೆಂದು ನೋಡೋಣ. ಯುರೋಪಿನ ದೇಶಗಳಲ್ಲಿ ಚೀಸ್ ಎಂಬುದು ಒಂದೇ ಪದಾರ್ಥವಲ್ಲ. ಇಂಗ್ಲೆಂಡಿನ ಸಾಮರ್ಸೆಟ್ ಸೀಮೆಯ ಚೆಡ್ಡಾರ್ ಎಂಬ ಹಳ್ಳಿಯ ಹೆಸರೇ ಜಗತ್ಪ್ರಸಿದ್ಧವಾದ ಒಂದು ಚೀಸಿನ ಹೆಸರಾಗಿದೆ. ಹಾಲೆಂಡಿನ ಗೌಡಾ ಪಟ್ಟಣದ ಹೆಸರಿನ ಕಥೆಯೂ ಹಾಗೆಯೇ. ಫ್ರಾನ್ಸಿನ ರೋಕ್‌ಫೋರ್ ಎಂಬ ಸಣ್ಣ ಊರಿನ ಗವಿಗಳಲ್ಲಿ ಕುರಿಯ ಹಾಲಿನ ಚೀಸನ್ನು ಮಾಗಿಸುತ್ತಾರೆ. ಅದರೊಳಗೆ ನೀಲಿ ಬೂಷ್ಟು ನರಗಳಂತೆ ಹರಡಿಕೊಂಡಿರುತ್ತದೆ. 1925ರಲ್ಲಿಯೇ ಫ್ರೆಂಚ್ ಸರಕಾರ ಕಾನೂನು ಮಾಡಿ, ಆ ಸೀಮೆಯ ಹೊರಗೆ ಮಾಡಿದ್ದನ್ನು ಆ ಹೆಸರಿನಿಂದ ಮಾರಕೂಡದೆಂದು ವಿಧಿಸಿತು. ಹೀಗೆ ಒಂದೊಂದು ಚೀಸು ಒಂದೊಂದು ಊರಿನ ಹುಲ್ಲು, ದನ, ಹವೆ, ಕೈಗುಣಗಳ ಗುರುತು. ಹಲಗೆಯ ಮೇಲೆ ನಾಲ್ಕು ಚೀಸುಗಳನ್ನಿಟ್ಟವನು ಅತಿಥಿಯ ಮುಂದೆ ನಾಲ್ಕು ಊರುಗಳನ್ನಿಟ್ಟಂತೆ.

ಅದನ್ನು ಜೋಡಿಸುವುದಕ್ಕೂ ಕ್ರಮವಿದೆ. ಒಂದು ಮೆತ್ತನೆಯದು, ಒಂದು ಗಟ್ಟಿಯದು, ಒಂದು ತಾಜಾ, ಒಂದು ತೀಕ್ಷ್ಣವಾದುದು. ಒಟ್ಟು ಮೂರರಿಂದ ಐದು, ಅದಕ್ಕಿಂತ ಹೆಚ್ಚು ಬೇಡ. ಸಪ್ಪೆಯಾದುದರಿಂದ ತೊಡಗಿ ಘಾಟಾದುದರ ಕಡೆಗೆ ಹೋಗಬೇಕು. ಮೊದಲೇ ಘಾಟು ತಿಂದರೆ ನಾಲಿಗೆಗೆ ಸೂಕ್ಷ್ಮ ರುಚಿ ಹತ್ತುವುದಿಲ್ಲ. ತಂಪುಪೆಟ್ಟಿಗೆಯಿಂದ ಒಂದು ತಾಸು ಮೊದಲೇ ಹೊರಗೆ ತೆಗೆದಿಡಬೇಕು, ಏಕೆಂದರೆ ತಣ್ಣಗಿದ್ದಾಗ ಕೊಬ್ಬು ಬಿಗಿದುಕೊಂಡಿದ್ದು ಪರಿಮಳ ಹೊರಡದು. ಪ್ರತಿಯೊಂದಕ್ಕೂ ಬೇರೆ ಬೇರೆ ಚಾಕು ಇರಬೇಕು, ಒಂದರ ವಾಸನೆ ಇನ್ನೊಂದಕ್ಕೆ ತಾಗಬಾರದು. ಫ್ರಾನ್ಸಿನಲ್ಲಿ ಇದು ಊಟ ಮುಗಿದು ಸಿಹಿ ಬರುವುದಕ್ಕೆ ಮುಂಚೆ ಬರುತ್ತದೆ. ಇಂಗ್ಲೆಂಡಿನಲ್ಲಿ ಬಹಳ ಮನೆಗಳಲ್ಲಿ ಸಿಹಿಯ ನಂತರ. ತಲೆಗೆ ಐವತ್ತು ಗ್ರಾಂ ಸಾಕು. ಅದೇ ಮುಖ್ಯ ಉಪಾಹಾರವಾದರೆ ನೂರು ಗ್ರಾಂ.

ಈ ನಿಯಮಗಳನ್ನು ಬಿಡಿಸಿ ನೋಡಿದರೆ ಒಳಗೆ ಮೂರೇ ಮಾತುಗಳಿವೆ. ಊರಿನಲ್ಲಿ ಚೆನ್ನಾಗಿ ಆಗುವುದನ್ನು ಇಡು. ಸ್ವಲ್ಪ ಇಡು, ಆದರೆ ಬಗೆಬಗೆಯಾಗಿ ಇಡು. ಅತಿಥಿ ಬರುವ ಮೊದಲೇ ಕೆಲಸವೆಲ್ಲ ಮುಗಿದಿರಲಿ. ಬಂದ ಮೇಲೆ ನೀನೂ ಅವನ ಪಕ್ಕದಲ್ಲಿ ಕುಳಿತುಕೋ. ಈ ಮೂರರಲ್ಲಿ ಮೊದಲ ಎರಡನ್ನು ನಮ್ಮ ಸೀಮೆಯವರು ಬಲ್ಲವರಾಗಿದ್ದು ಮರೆತಿದ್ದಾರೆ. ಮೂರನೆಯದನ್ನು ನಾವು ಎಂದೂ ಕಲಿಯಲಿಲ್ಲ.

ಈಗ ನಮ್ಮ ಕಡೆ ನಡೆಯುತ್ತಿರುವುದೇನು? ಬೀಗರು ಬಂದರೆ, ಊರಿಗೆ ಅಧಿಕಾರಿಗಳು ಬಂದರೆ, ಮಗನ ಗೆಳೆಯರು ಪಟ್ಟಣದಿಂದ ಬಂದರೆ, ಮೋಟರ್ ಸೈಕಲ್ಲೊಂದು ಹೆದ್ದಾರಿಯ ಧಾಬಾದ ಕಡೆಗೆ ಓಡುತ್ತದೆ. ಪನೀರ್ ಮಸಾಲೆ, ತಂದೂರಿ ರೊಟ್ಟಿ, ಬಣ್ಣದ ತಂಪು ಪಾನೀಯ ಬರುತ್ತವೆ. ಮನೆಯ ಜೋಳದ ರೊಟ್ಟಿ ಬುಟ್ಟಿಯೊಳಗೇ ಉಳಿಯುತ್ತದೆ. ‘ಅವರಿಗೆ ಇದೆಲ್ಲ ರೂಢಿ ಇರುವುದಿಲ್ಲ, ನಮ್ಮ ಹಿಂಡಿ ರೊಟ್ಟಿ ಹೇಗೆ ಕೊಡುವುದು’ ಎಂಬ ಸಂಕೋಚದ ಮಾತು. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆದರು ಎಂಬ ಗಾದೆಯನ್ನು ತರಗತಿಯಲ್ಲಿ ವಿಸ್ತರಿಸಿ ಬರೆಸುತ್ತಿದ್ದೆ. ಆಗ ಅದು ಪರೀಕ್ಷೆಯ ಪ್ರಶ್ನೆ ಮಾತ್ರವಾಗಿತ್ತು. ಈಗ ಅದು ನಮ್ಮ ಮನೆಗಳ ವರ್ಣನೆಯಾಗಿದೆ.

ನಾನು ನೌಕರಿಯಲ್ಲಿದ್ದಾಗ ಶಾಲಾ ತನಿಖೆಗೆ ಬಂದ ಸಾಹೇಬರೊಬ್ಬರಿಗೆ ಊರಿನವರು ಪೂರಿ, ಶಿರಾ ಮಾಡಿಸಿ ತಂದರು. ಸಾಹೇಬರು ಒಂದು ತುತ್ತು ತಿಂದು, ‘ಗುರುಗಳೇ, ಈ ಊರಿನ ರೊಟ್ಟಿ ಇಲ್ಲವೇ?’ ಎಂದು ಮೆಲ್ಲನೆ ಕೇಳಿದರು. ಹುಡುಗನೊಬ್ಬ ಓಡಿಹೋಗಿ ಮನೆಯಿಂದ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಒಂದು ಬಟ್ಟಲು ಮೊಸರು ತಂದ. ಅವರು ತಿಂದ ರೀತಿಯನ್ನು ನೋಡಿ ಊರ ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೊರಗಿನಿಂದ ಬಂದವನು ನಮ್ಮಲ್ಲಿ ಹುಡುಕುವುದು ನಮ್ಮದನ್ನು. ತನ್ನಲ್ಲಿ ಸಿಗುವುದು ಅವನಿಗೆ ತನ್ನಲ್ಲಿಯೇ ಸಿಗುತ್ತದೆ.

ಹಾಗಾದರೆ ನಮ್ಮಲ್ಲಿ ಚೀಸ್ ಏಕೆ ಬೆಳೆಯಲಿಲ್ಲ ಎಂದು ಮಕ್ಕಳು ಕೇಳುತ್ತಾರೆ. ಅದು ಒಳ್ಳೆಯ ಪ್ರಶ್ನೆ. ಹಾಲು ಬೇಗ ಕೆಡುತ್ತದೆ. ಅದನ್ನು ಉಳಿಸುವ ಉಪಾಯ ಪ್ರತಿಯೊಂದು ದೇಶಕ್ಕೂ ಬೇಕು. ತಂಪು ದೇಶದವರು ಎಳೆಗರುವಿನ ಜಠರದಿಂದ ತೆಗೆದ ರೆನ್ನೆಟ್ ಎಂಬ ದ್ರವ್ಯದಿಂದ ಹಾಲನ್ನು ಗಟ್ಟಿಗಟ್ಟಿಸಿ, ನೀರು ಹಿಂಡಿ, ಉಪ್ಪು ಹಾಕಿ, ತಂಪಾದ ನೆಲಮಾಳಿಗೆಗಳಲ್ಲಿ ತಿಂಗಳುಗಟ್ಟಲೆ ಮಾಗಿಸಿದರು. ಮಾಗುವುದಕ್ಕೆ ಹತ್ತು ಹದಿನೈದು ಡಿಗ್ರಿಗಳ ಆಸುಪಾಸಿನ ತಂಪು ಬೇಕು. ಏಪ್ರಿಲ್, ಮೇ ತಿಂಗಳಲ್ಲಿ ನಲವತ್ತು ಡಿಗ್ರಿ ದಾಟುವ ನಮ್ಮ ಎರೆಸೀಮೆಯಲ್ಲಿ ಅದೆಲ್ಲಿಂದ ಬರಬೇಕು? ಕರುವಿನ ಜಠರದ ದ್ರವ್ಯವನ್ನು ಹಾಲಿಗೆ ಹಾಕುವುದು ನಮ್ಮ ಬಹುಪಾಲು ಮನೆಗಳಿಗೆ ಒಪ್ಪುವ ಮಾತೂ ಆಗಿರಲಿಲ್ಲ. ನಮ್ಮವರು ಬೇರೆ ದಾರಿ ಹಿಡಿದರು: ಹಾಲನ್ನು ಹೆಪ್ಪು ಹಾಕಿ ಮೊಸರು ಮಾಡಿದರು, ಕಡೆದು ಬೆಣ್ಣೆ ತೆಗೆದರು, ಕಾಯಿಸಿ ತುಪ್ಪ ಮಾಡಿ ವರ್ಷಗಟ್ಟಲೆ ಉಳಿಸಿದರು, ಉಳಿದ ಮಜ್ಜಿಗೆಯನ್ನು ಅಂದಂದೇ ಕುಡಿದರು. ಯುರೋಪಿನವರು ಹಾಲಿನ ಕೊಬ್ಬನ್ನೂ ಸಸಾರಜನಕವನ್ನೂ ಒಟ್ಟಿಗೆ ಕಾಪಿಟ್ಟರು. ನಾವು ಕೊಬ್ಬನ್ನು ಕಾಪಿಟ್ಟು, ಸಸಾರಜನಕವನ್ನು ನೆರೆಹೊರೆಯೊಂದಿಗೆ ಹಂಚಿಕೊಂಡೆವು. ಮಜ್ಜಿಗೆಯನ್ನು ಮಾರದೆ ಕೇಳಿದವರಿಗೆ ಕೊಡುವ ಪದ್ಧತಿ ನಮ್ಮ ಹಳ್ಳಿಗಳಲ್ಲಿ ಬಹಳ ಕಾಲ ಇದ್ದುದಕ್ಕೆ ಇದೂ ಒಂದು ಕಾರಣ.

ಆದರೆ ಹಾಲು ಒಡೆಸಿ ಗಟ್ಟಿ ಮಾಡುವ ವಿದ್ಯೆ ನಮಗೆ ಗೊತ್ತೇ ಇರಲಿಲ್ಲವೆಂದು ತಿಳಿಯಬಾರದು. 12ನೆಯ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದ ಅನ್ನಭೋಗದ ಭಾಗದಲ್ಲಿ, ಕಾದ ಹಾಲಿಗೆ ಹುಳಿ ಹಾಕಿ ಒಡೆಸಿ, ಬಟ್ಟೆಯಲ್ಲಿ ಸೋಸಿ, ಆ ಗಟ್ಟಿಗೆ ಅಕ್ಕಿಹಿಟ್ಟು ಬೆರೆಸಿ ಕರಿದು ಸಿಹಿ ಮಾಡುವ ಕ್ರಮವಿದೆ. ಆ ಕಲ್ಯಾಣ ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣ. ನಮ್ಮ ಸೀಮೆ ಅದೇ ಚಾಲುಕ್ಯರ ನಾಡಿನೊಳಗಿನದು. ಅದಕ್ಕೂ ನೂರು ವರ್ಷ ಮೊದಲಿನ, ಎರಡನೆಯ ಚಾವುಂಡರಾಯನ ಕನ್ನಡ ಗ್ರಂಥ ಲೋಕೋಪಕಾರದಲ್ಲಿಯೂ ಅಡುಗೆಗೆಂದೇ ಒಂದು ಅಧ್ಯಾಯವಿದೆ. ಹೀಗಿರುವಾಗ ಪನೀರ್ ಎಂಬುದು ಧಾಬಾದಿಂದಲೇ ಬರಬೇಕಾದ ವಸ್ತುವೆಂದು ನಾವು ಏಕೆ ತಿಳಿದೆವೋ!

ಇನ್ನು ಹುಳಿಯ ಮಾತು. ಹಾಲೊಡೆಯಲು ಬೇಕಾದ ಲಿಂಬೆಗೆ ನಮ್ಮ ತಾಲೂಕೇ ತವರು. ಇಂಡಿಯ ಲಿಂಬೆಗೆ 2023ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ರೋಕ್‌ಫೋರ್ ಊರಿಗೆ 1925ರಲ್ಲಿ ಸಿಕ್ಕ ಗೌರವದ ದಾಯಾದಿಯೇ ಇದು. ಲಿಂಬೆ ಅಭಿವೃದ್ಧಿ ಮಂಡಳಿ ಇರುವುದೂ ಇಂಡಿಯಲ್ಲಿಯೇ. ಎಮ್ಮೆಯ ಹಾಲಿನಲ್ಲಿ ಕೊಬ್ಬು ಆಕಳ ಹಾಲಿನದಕ್ಕಿಂತ ಸುಮಾರು ಇಮ್ಮಡಿ, ಅಂದರೆ ಶೇಕಡಾ 6ರಿಂದ 8. ಉದ್ದ ಕೋಡಿನ ಪಂಢರಪುರಿ ಎಮ್ಮೆ ನಮ್ಮ ನೆರೆಯ ಸೊಲ್ಲಾಪುರ ಸೀಮೆಯದು. ದ್ರಾಕ್ಷಿ ಮತ್ತು ಒಣದ್ರಾಕ್ಷಿಗೆ ವಿಜಯಪುರ ಜಿಲ್ಲೆ ಹೆಸರಾದುದು. ಶೇಂಗಾ ನಮ್ಮ ಹೊಲದ್ದು. ಪಾಶ್ಚಾತ್ಯರ ಹಲಗೆಯ ಮೇಲೆ ಚೀಸಿನ ಸುತ್ತ ಇಡುವ ಪರಿವಾರವೆಲ್ಲ ನಮ್ಮ ಬಾಗಿಲಲ್ಲಿಯೇ ಇದೆ.

ಆದ್ದರಿಂದ ನನ್ನ ಸೂಚನೆ ಇಷ್ಟು. ಎಂಟು ಜನ ಅತಿಥಿಗಳು ಬರುವರೆಂದು ತಿಳಿಯೋಣ. ಹಿಂದಿನ ರಾತ್ರಿ ಒಂದು ಕಿಲೋ ಗಟ್ಟಿ ಎಮ್ಮೆ ಮೊಸರನ್ನು ತೆಳುವಾದ ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿರಿ. ಬೇಸಿಗೆಯಾದರೆ ತಂಪುಪೆಟ್ಟಿಗೆಯಲ್ಲಿ ಜರಡಿಯ ಮೇಲಿಡಿರಿ. ಬೆಳಿಗ್ಗೆ ಅರ್ಧ ಕಿಲೋದ ಆಸುಪಾಸು ಚಕ್ಕಾ ಸಿಗುತ್ತದೆ. ಶ್ರೀಖಂಡ ಮಾಡುವ ಗಡಿನಾಡಿನ ಮನೆಗಳಿಗೆ ಇದು ಹೊಸದಲ್ಲ. ಇದಕ್ಕೆ ಸಕ್ಕರೆ ಹಾಕದೆ ಒಂದು ಚಿಟಿಕೆ ಉಪ್ಪು, ಕುಟ್ಟಿದ ಜೀರಿಗೆ ಹಾಕಿ ಬಟ್ಟಲಿಗೆ ತುಂಬಿರಿ. ಇದು ನಮ್ಮ ಮೆತ್ತನೆಯ ಚೀಸು.

ಬೆಳಿಗ್ಗೆ ಎರಡು ಲೀಟರ್ ಎಮ್ಮೆ ಹಾಲನ್ನು ಕುದಿಸಿ ಇಳಿಸಿರಿ. ಒಂದೆರಡು ನಿಮಿಷ ಬಿಟ್ಟು ಮೂರು ನಾಲ್ಕು ಲಿಂಬೆಹಣ್ಣಿನ ರಸವನ್ನು ಅಷ್ಟೇ ನೀರಿನೊಂದಿಗೆ ಬೆರೆಸಿ ಸ್ವಲ್ಪ ಸ್ವಲ್ಪವಾಗಿ ಹಾಕುತ್ತ ಕೈಯಾಡಿಸಿರಿ. ನೀರು ತಿಳಿಯಾಗಿ ಹಸಿರು ಬಣ್ಣಕ್ಕೆ ತಿರುಗಿದೊಡನೆ ಹುಳಿ ಹಾಕುವುದನ್ನು ನಿಲ್ಲಿಸಬೇಕು. ಹೆಚ್ಚಾದರೆ ಗಟ್ಟಿ ಒರಟಾಗುತ್ತದೆ. ಬಟ್ಟೆಯಲ್ಲಿ ಸೋಸಿ, ತಣ್ಣೀರು ಹನಿಸಿ, ಮೇಲೆ ಭಾರವಿಟ್ಟು ಒಂದು ತಾಸು ಬಿಟ್ಟರೆ ನಾಲ್ಕು ನೂರು ಗ್ರಾಂನಷ್ಟು ಸಿಗುತ್ತದೆ. ಇದನ್ನು ನಾಲ್ಕು ತುಂಡು ಮಾಡಿ, ಒಂದನ್ನು ಅಗಸಿ ಹಿಂಡಿಯಲ್ಲಿ, ಒಂದನ್ನು ಗುರೆಳ್ಳು ಹಿಂಡಿಯಲ್ಲಿ, ಒಂದನ್ನು ಶೇಂಗಾ ಹಿಂಡಿಯಲ್ಲಿ ಹೊರಳಿಸಿರಿ. ನಾಲ್ಕನೆಯದನ್ನು ಬೆಳ್ಳಗೆ ಹಾಗೆಯೇ ಬಿಡಿರಿ. ಫ್ರೆಂಚರು ಆಡಿನ ಹಾಲಿನ ತಾಜಾ ಚೀಸನ್ನು ಸೊಪ್ಪಿನ ಪುಡಿಯಲ್ಲಿ, ಬೂದಿಯಲ್ಲಿ ಹೊರಳಿಸುತ್ತಾರೆ. ನಮ್ಮ ಗುರೆಳ್ಳಿನ ಕಪ್ಪು ಆ ಬೂದಿಗಿಂತ ಚೆಂದ, ರುಚಿಯಲ್ಲಂತೂ ಹೋಲಿಕೆಯೇ ಇಲ್ಲ. ಸೋಸಿದ ನೀರನ್ನು ಚೆಲ್ಲಬೇಡಿರಿ. ಸಾರಿಗೆ ಅಥವಾ ರೊಟ್ಟಿಯ ಹಿಟ್ಟಿಗೆ ಬರುತ್ತದೆ.

ಮೂರನೆಯದು ಅಂದೇ ಕಡೆದ ಬೆಣ್ಣೆಯ ಮುದ್ದೆ. ಬೇಸಿಗೆಯಾದರೆ ತಣ್ಣೀರಿನ ಬಟ್ಟಲಲ್ಲಿ ಇಡಬೇಕು. ನಾಲ್ಕನೆಯದು ಸಕ್ಕರೆ ಹಾಕದ ಒಂದು ತುಂಡು ಖವಾ, ಪಕ್ಕದಲ್ಲಿ ಬೆಲ್ಲದ ಹರಳು. ಮಕ್ಕಳ ಆಸೆಗೆ ಐದನೆಯದಾಗಿ ಅಂಗಡಿಯ ಚೀಸ್ ಒಂದನ್ನು ಇಟ್ಟರೆ ನನ್ನ ಆಕ್ಷೇಪವಿಲ್ಲ. ಶಾಕಾಹಾರದ ಮನೆಯವರು ಪೊಟ್ಟಣದ ಮೇಲೆ ಹಸಿರು ಚುಕ್ಕೆ ಇದೆಯೇ ಎಂದು ನೋಡಿಕೊಂಡರೆ ಸಾಕು. ಆ ಗುರುತು ನಮ್ಮ ದೇಶದಲ್ಲಿ ಕಡ್ಡಾಯವಾಗಿದೆ. ಈಗ ಸೂಕ್ಷ್ಮಜೀವಿಗಳಿಂದ ತೆಗೆದ ರೆನ್ನೆಟ್ ಬಳಕೆಗೆ ಬಂದಿರುವುದರಿಂದ ಅಂತಹ ಚೀಸ್ ಸುಲಭವಾಗಿ ದೊರೆಯುತ್ತದೆ.

ಬಿಸ್ಕತ್ತಿನ ಜಾಗದಲ್ಲಿ ಏನಿರಬೇಕೆಂದು ಹೇಳಬೇಕಾಗಿಲ್ಲ. ಕಡಕ್ ರೊಟ್ಟಿ! ಕಾಗದದಷ್ಟು ತೆಳ್ಳಗೆ ಬಡಿದು, ಸುಟ್ಟು, ಒಣಗಿಸಿದ ಬಿಳಿಜೋಳದ ರೊಟ್ಟಿಗೆ ಸರಿಸಮನಾದ ಬಿಸ್ಕತ್ತನ್ನು ಯಾವ ಕಾರಖಾನೆಯೂ ಮಾಡಿಲ್ಲ. ನಮ್ಮ ಹಿಂಗಾರಿ ಹೊಲಗಳ ಮಾಲದಂಡಿ ಜೋಳದ ಎಂ 35-1 ತಳಿಯನ್ನು 1930ರ ದಶಕದಲ್ಲಿ ಸೊಲ್ಲಾಪುರ ಜಿಲ್ಲೆಯ ಮೋಹೋಳದಲ್ಲಿ ನಾಟಿ ಜೋಳದಿಂದಲೇ ಆರಿಸಿ ತೆಗೆದರು. ಎಷ್ಟೋ ಹೊಸ ತಳಿಗಳು ಬಂದ ಮೇಲೂ ರೊಟ್ಟಿಗಾಗಿ ರೈತರು ಅದನ್ನು ಬಿಟ್ಟಿಲ್ಲ. ಸಂಕ್ರಾಂತಿಯ ಕಾಲವಾದರೆ ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿಯನ್ನೂ ಇಡಬಹುದು. ಸುತ್ತ ಹಸಿ ಉಳ್ಳಾಗಡ್ಡಿ, ಸೌತೆಕಾಯಿ, ಮೆಂತ್ಯದ ಎಳೆಯ ತಪ್ಪಲು, ದ್ರಾಕ್ಷಿಯ ಒಂದು ಗೊಂಚಲು, ಹುರಿದ ಶೇಂಗಾ, ಲಿಂಬೆಯ ಉಪ್ಪಿನಕಾಯಿ. ಒಂದು ತುದಿಯಲ್ಲಿ ಕೆಂಪುಖಾರ. ಸಪ್ಪೆಯಿಂದ ಘಾಟಿಗೆ ಹೋಗಬೇಕೆಂಬ ನಿಯಮವನ್ನು ಇಲ್ಲಿ ಹೆಚ್ಚು ಕಟ್ಟುನಿಟ್ಟಾಗಿ ಪಾಲಿಸಬೇಕು: ಬೆಣ್ಣೆ, ಚಕ್ಕಾ, ಪನೀರು, ಕೊನೆಗೆ ಕೆಂಪುಖಾರ. ಪಟ್ಟಣದ ಅತಿಥಿಗೆ ಇದನ್ನು ಮೊದಲೇ ಹೇಳಿರಿ, ಪುಣ್ಯ ಬರುತ್ತದೆ! ರಕ್ತದೊತ್ತಡವಿರುವ ನನ್ನಂಥವರು ಹಿಂಡಿ, ಉಪ್ಪಿನಕಾಯಿಗಳ ಮುಂದೆ ಕೈ ಹಿಡಿದು ನಡೆಯಬೇಕು. ಈ ಮಾತು ಚೀಸಿಗೂ ಅನ್ವಯಿಸುತ್ತದೆ, ಅದರಲ್ಲಿಯೂ ಉಪ್ಪು ಬಹಳ.

ಇದರ ವಿರುದ್ಧ ಬರುವ ಆಕ್ಷೇಪಗಳನ್ನು ನಾನು ಬಲ್ಲೆ. ಮೊದಲನೆಯದು, ‘ಮನೆಯಲ್ಲಿ ಎಮ್ಮೆ ಎಲ್ಲಿದೆ ಸರ್?’ ಎಂಬುದು. ಇದು ನಿಜವಾದ ಮಾತು. ಮೇವಿನ ಬೆಲೆ, ನೀರಿನ ಅಭಾವ, ದುಡಿಯುವ ಕೈಗಳ ಕೊರತೆಗಳಿಂದ ಎಷ್ಟೋ ದೊಡ್ಡಿಗಳು ಬರಿದಾಗಿವೆ. ಇರುವ ಹಾಲು ಬೆಳಗಾದೊಡನೆ ಡೇರಿಗೆ ಹೋಗುತ್ತದೆ. ಅದರಿಂದ ವಾರಕ್ಕೊಮ್ಮೆ ಕೈಗೆ ಬರುವ ಹಣದ ಬೆಲೆಯನ್ನು ತಿಳಿಯದವನು ನಾನಲ್ಲ. ಆ ಹಣದಿಂದ ಶಾಲೆಯ ಶುಲ್ಕ ತುಂಬಿದ ಹೆಣ್ಣುಮಕ್ಕಳನ್ನು ನಾನು ಕಲಿಸಿದ್ದೇನೆ. ಆದರೆ ನಾನು ಕೇಳುತ್ತಿರುವುದು ಎಂಟು ಜನರಿಗೆ ಎರಡು ಲೀಟರ್ ಹಾಲು, ಒಂದು ಕಿಲೋ ಮೊಸರು. ಎಮ್ಮೆ ಇಲ್ಲದಿದ್ದರೆ ಎಮ್ಮೆ ಇರುವ ನೆರೆಮನೆಯಿಂದ ಹಣ ಕೊಟ್ಟು ತನ್ನಿರಿ. ಅದೂ ಧಾಬಾದ ಒಂದು ಹೊತ್ತಿನ ಲೆಕ್ಕಕ್ಕಿಂತ ಕಡಿಮೆಯಾಗುತ್ತದೆ, ಹಣವೂ ಊರಿನಲ್ಲಿಯೇ ಉಳಿಯುತ್ತದೆ. ಕಡಕ್ ರೊಟ್ಟಿ, ಹಿಂಡಿಗಳನ್ನು ಮಾಡಿ ಮಾರುವ ಮಹಿಳೆಯರು ಈಗ ನಮ್ಮ ಕಡೆ ಬಹಳ ಜನ ಇದ್ದಾರೆ. ಅವರಿಗೆ ದೂರದ ಪಟ್ಟಣಗಳ ಗಿರಾಕಿಗಳಿದ್ದಾರೆ. ಸ್ವಂತ ಊರಿನವರು ಮಾತ್ರ ಅತಿಥಿ ಬಂದಾಗ ಅವರನ್ನು ನೆನೆಯುವುದಿಲ್ಲ. ಹಿತ್ತಲ ಗಿಡ ಮದ್ದಲ್ಲ.

ಎರಡನೆಯ ಆಕ್ಷೇಪ: ‘ಇದು ಬಡವರ ಊಟ, ಬಂದವರು ಏನೆಂದುಕೊಂಡಾರು?’ ಇದಕ್ಕೆ ಉತ್ತರ ಕೊಡುವಾಗ ನನಗೆ ಸ್ವಲ್ಪ ಸಿಟ್ಟು ಬರುತ್ತದೆ. ಸೊಲ್ಲಾಪುರದ ಕಡೆಗೆ ಹೋಗುವ ರೈಲುಗಾಡಿಯಲ್ಲಿ ತಲೆಯ ಮೇಲೆ ರೊಟ್ಟಿಯ ಬುಟ್ಟಿ, ಕೈಯಲ್ಲಿ ಮೊಸರಿನ ಗಡಿಗೆ ಹಿಡಿದು ಏರುತ್ತಿದ್ದ ತಾಯಂದಿರನ್ನು ನಾನು ಕಂಡಿದ್ದೇನೆ. ಮೊದಲ ದರ್ಜೆಯ ಡಬ್ಬಿಯವರೂ ಕಿಟಕಿಯಿಂದ ಕೈ ಚಾಚಿ ಕೊಳ್ಳುತ್ತಿದ್ದರು. ಆ ರೊಟ್ಟಿಯ ಮೇಲೆ ಹಾಕಿದ ಹಿಂಡಿಗೆ ಯಾರೂ ಜಾತಿ ಕೇಳಲಿಲ್ಲ, ಅದು ಬಡವರದೋ ಶ್ರೀಮಂತರದೋ ಎಂದೂ ವಿಚಾರಿಸಲಿಲ್ಲ. ಯುರೋಪಿನ ಅನೇಕ ಚೀಸುಗಳು ಕೂಡ ಕುರಿಗಾಹಿಗಳ, ಒಕ್ಕಲಿಗರ ಬುತ್ತಿಯ ಪದಾರ್ಥಗಳೇ ಆಗಿದ್ದುವು. ಅವುಗಳಿಗೆ ಗೌರವ ಬಂದದ್ದು ಅವನ್ನು ಮಾಡುವ ಜನ ಅವುಗಳಿಗಾಗಿ ನಾಚಿಕೊಳ್ಳದೆ ಇದ್ದುದರಿಂದ.

ಮೂರನೆಯ ಆಕ್ಷೇಪವೇ ಎಲ್ಲಕ್ಕಿಂತ ದೊಡ್ಡದು. ಅದನ್ನು ಗಂಡಸರು ಎತ್ತುವುದಿಲ್ಲ, ಹೆಂಗಸರು ಮನಸ್ಸಿನಲ್ಲಿಯೇ ಎತ್ತಿ ಅಲ್ಲಿಯೇ ಇಳಿಸುತ್ತಾರೆ. ‘ಹೇಳುವುದು ಸುಲಭ, ಮಾಡುವವರು ಯಾರು?’ ಧಾಬಾದ ಊಟ ತರಿಸಿದರೆ ಮನೆಯಾಕೆಗೆ ಒಂದು ಹೊತ್ತಿನ ಬಿಡುವು ಸಿಗುತ್ತದೆ. ಅದನ್ನು ಕಸಿದುಕೊಂಡು ಸಂಸ್ಕೃತಿಯ ಹೆಸರಿನಲ್ಲಿ ಅವಳನ್ನು ಮತ್ತೆ ಒಲೆಯ ಮುಂದೆ ಕೂಡಿಸುವ ಉಪದೇಶಕ್ಕೆ ನಾನು ಸಿದ್ಧನಿಲ್ಲ. ನಮ್ಮ ಅತಿಥಿ ಸತ್ಕಾರದ ಹೊಗಳಿಕೆಯೆಲ್ಲ ಗಂಡಸಿಗೆ, ಹೊಗೆಯೆಲ್ಲ ಹೆಂಗಸಿಗೆ ಎಂಬಂತೆ ನಡೆದುಬಂದಿದೆ. ಬಂದವರು ಬಿಸಿ ರೊಟ್ಟಿ ಉಣ್ಣುವಷ್ಟು ಹೊತ್ತು ಅವಳು ಬಡಿಯುತ್ತಲೇ ಇರಬೇಕು. ಎಲ್ಲರ ಕೈ ತೊಳೆದ ಮೇಲೆ ಉಳಿದ ಪಲ್ಯದಲ್ಲಿ ಅವಳ ಊಟ. ಬಂದ ಅತಿಥಿಯ ಮುಖವನ್ನು ಅವಳು ನೋಡುವುದು ಅವರು ಹೊರಡುವಾಗ, ಬಾಗಿಲ ಸಂದಿನಿಂದ.

ನಾನು ಹಲಗೆಯನ್ನು ಮೆಚ್ಚಿಕೊಂಡದ್ದು ಇದೇ ಕಾರಣಕ್ಕೆ. ಅದರ ಮೇಲಿನ ಯಾವ ಪದಾರ್ಥವನ್ನೂ ಅತಿಥಿ ಬಂದ ಮೇಲೆ ಮಾಡಬೇಕಾಗಿಲ್ಲ. ಹಿಂಡಿಗಳು ತಿಂಗಳ ಹಿಂದಿನವು, ರೊಟ್ಟಿ ವಾರದ ಹಿಂದಿನದು, ಚಕ್ಕಾ ರಾತ್ರಿಯದು, ಪನೀರು ಬೆಳಗಿನದು. ಮೊಸರು ಕಟ್ಟುವುದಕ್ಕೆ, ಹಾಲೊಡೆಸುವುದಕ್ಕೆ, ಸೌತೆಕಾಯಿ ಹೆಚ್ಚುವುದಕ್ಕೆ ಗಂಡಸಿನ ಕೈ ಸಾಲದೆಂದು ಯಾವ ಶಾಸ್ತ್ರವೂ ಹೇಳಿಲ್ಲ. ನಿವೃತ್ತನಾದ ಮೇಲೆ ಈ ಮೂರನ್ನೂ ನಾನು ಮಾಡುತ್ತಿದ್ದೇನೆ; ಬೆರಳು ಸವೆದಿಲ್ಲ. ಬಂದವರು ಕುಳಿತಾಗ ಮನೆಯಾಕೆಯೂ ಅವರೊಂದಿಗೆ ಕುಳಿತು, ಅದೇ ಹಲಗೆಯಿಂದ, ಅದೇ ಹೊತ್ತಿಗೆ ತಿನ್ನಬಹುದು. ನಮ್ಮ ಮನೆಯಲ್ಲಿ ಹೀಗೆ ಆರಂಭಿಸಿದಾಗ ಮೊದಮೊದಲು ಬಂದವರೇ ಎದ್ದು ನಿಲ್ಲುತ್ತಿದ್ದರು, ‘ಅಕ್ಕಾರು ಕುಂತಾರಲ್ಲ, ಬಡಿಸೋರು ಯಾರು?’ ಎಂದು. ಬಡಿಸುವವರೇ ಬೇಡದ ಊಟವಿದು ಎಂದು ತಿಳಿಯಲು ಅವರಿಗೆ ಸ್ವಲ್ಪ ಕಾಲ ಬೇಕಾಯಿತು.

ನಡುವೆ ಇಟ್ಟ ಹಲಗೆ ಇನ್ನೊಂದು ಹಳೆಯ ಗಂಟನ್ನೂ ಬಿಚ್ಚುತ್ತದೆ. ನಮ್ಮ ಊರುಗಳ ಪಂಕ್ತಿಯ ನೆನಪು ಎಲ್ಲರಿಗೂ ಸಿಹಿಯಾಗಿಲ್ಲ. ಯಾರು ಒಳಗೆ, ಯಾರು ಕಟ್ಟೆಯ ಮೇಲೆ, ಯಾರು ಅಂಗಳದಲ್ಲಿ, ಯಾರಿಗೆ ಬೇರೆಯ ಬಟ್ಟಲು ಎಂಬ ಲೆಕ್ಕ ಬಡಿಸುವ ಮೊದಲೇ ನಡೆಯುತ್ತಿತ್ತು. ತರಗತಿಯಲ್ಲಿ ಒಂದೇ ಬೆಂಚಿನ ಮೇಲೆ ಕುಳಿತ ಮಕ್ಕಳು ಮನೆಯ ಹೊಸ್ತಿಲಲ್ಲಿ ಬೇರೆಯಾಗುವುದನ್ನು ಮೂರು ದಶಕಗಳಿಗೂ ಹೆಚ್ಚು ಕಾಲ ನೋಡಿದವನು ನಾನು. ಸಮಪಂಕ್ತಿಯ, ದಾಸೋಹದ ಮಾತನ್ನು ಜಗತ್ತಿಗೆ ಹೇಳಿದ ಬಸವಣ್ಣನವರು ಹುಟ್ಟಿದ ಸೀಮೆ ಇದು. ಒಂದೇ ಹಲಗೆಗೆ ಎಂಟು ಕೈಗಳು ಚಾಚಿದಾಗ ಪಂಕ್ತಿಯ ತಲೆ ಯಾವುದು, ತುದಿ ಯಾವುದು? ಎಂಜಲಿನ ಪ್ರಶ್ನೆಗೆ ಪಾಶ್ಚಾತ್ಯರು ಬೇರೆ ಬೇರೆ ಚಾಕುಗಳಿಂದ ಉತ್ತರ ಕಂಡುಕೊಂಡಿದ್ದಾರೆ. ನಾವು ಒಂದೊಂದು ಬಟ್ಟಲಿಗೆ ಒಂದೊಂದು ಚಮಚೆ ಇಟ್ಟರಾಯಿತು.

ಇದು ನಮಗೆ ತೀರ ಹೊಸದೂ ಅಲ್ಲ. ಎಳ್ಳಮಾವಾಸ್ಯೆಯ ದಿನ ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಕರಿಯ ನೆಲದ ಮೇಲೆ ಕಂಬಳಿ ಹಾಸಿ, ಸಜ್ಜೆಯ ರೊಟ್ಟಿ, ಹಿಂಡಿಪಲ್ಯ, ಶೇಂಗಾ ಹೋಳಿಗೆ, ಗಡಿಗೆ ಮೊಸರುಗಳನ್ನು ನಡುವೆ ಇಟ್ಟು ಸುತ್ತ ಕುಳಿತುಕೊಳ್ಳುವವರು ನಾವು. ಅಂದು ದಾರಿಯಲ್ಲಿ ಹೋಗುವವನನ್ನೂ ಕೂಗಿ ಕರೆಯುತ್ತೇವೆ. ಅಡುಗೆಯೆಲ್ಲ ಮನೆಯಲ್ಲಿ ಮುಗಿದಿರುವುದರಿಂದ ಅಂದು ಹೊಲದಲ್ಲಿ ಹೆಂಗಸರೂ ನಮ್ಮ ಜೊತೆಗೇ ಉಣ್ಣುತ್ತಾರೆ, ನಗುತ್ತಾರೆ. ವರ್ಷಕ್ಕೊಮ್ಮೆ ಹೊಲದಲ್ಲಿ ಸಾಧ್ಯವಾಗುವುದು ಉಳಿದ ದಿನ ಮನೆಯಲ್ಲಿ ಏಕೆ ಸಾಧ್ಯವಾಗಬಾರದು?

ನಮ್ಮ ತಾಲೂಕಿನ ಸಾಲೋಟಗಿಯ ಶಾಸನವನ್ನು ಪಾಠ ಮಾಡುವಾಗ ನಾನು ತುಸು ಹೆಚ್ಚು ಹೊತ್ತು ನಿಲ್ಲುತ್ತಿದ್ದೆ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ, 945ರ ಆ ಶಾಸನ ಅಲ್ಲಿದ್ದ ವಿದ್ಯಾಶಾಲೆಯನ್ನೂ, ಬೇರೆ ಬೇರೆ ಜನಪದಗಳಿಂದ ಬಂದು ನೆಲೆಸಿದ ವಿದ್ಯಾರ್ಥಿಗಳಿಗೆ ಬಿಟ್ಟ ಭೂಮಿ, ಮನೆಗಳನ್ನೂ ಹೇಳುತ್ತದೆ. ಊರಿನ ಮದುವೆಗಳಲ್ಲಿ ಕೂಡ ಆ ಶಾಲೆಗಾಗಿ ಕಾಣಿಕೆ ಎತ್ತುತ್ತಿದ್ದರು. ಸಾವಿರ ವರ್ಷಗಳ ಹಿಂದೆಯೇ ದೂರದಿಂದ ಬಂದವರನ್ನು ಇರಿಸಿಕೊಂಡು ಉಣಿಸಿದ ನೆಲವಿದು. ಆ ಹುಡುಗರಿಗೆ ಇಲ್ಲಿಯ ನೆಲ ಬೆಳೆದುದನ್ನು ಬಡಿಸಿರಬೇಕಲ್ಲದೆ ಬೇರೆಲ್ಲಿಂದಲೋ ತರಿಸಿ ಬಡಿಸಿರಲಾರರು.

ಕೊನೆಯದಾಗಿ ನನ್ನ ಹಳೆಯ ವಿದ್ಯಾರ್ಥಿಗಳಿಗೆ ಒಂದು ಮಾತು. ನೀವು ಪಟ್ಟಣಗಳಲ್ಲಿ ಚೀಸಿನ ಹಲಗೆ ಜೋಡಿಸುವುದನ್ನು ಬಿಡಬೇಡಿರಿ; ಒಳ್ಳೆಯದನ್ನು ಎಲ್ಲಿಂದಲಾದರೂ ಕಲಿಯಬೇಕು. ಅದರ ಒಂದು ಮೂಲೆಯಲ್ಲಿ ಮುರಿದ ಕಡಕ್ ರೊಟ್ಟಿ, ಒಂದು ಬಟ್ಟಲು ಗುರೆಳ್ಳು ಹಿಂಡಿ ಇಡಿರಿ, ಬಂದವರು ಇದೇನೆಂದು ಕೇಳಿದರೆ ಊರಿನ ಹೆಸರು ಹೇಳಿರಿ. ಊರಿನಲ್ಲಿರುವವರು ಮುಂದಿನ ಸಲ ಬೀಗರು ಬಂದಾಗ ಮೋಟರ್ ಸೈಕಲ್ಲಿನ ಕೀಲಿಯನ್ನು ಗೂಟಕ್ಕೆ ಹಾಕಿ, ಹಿಂದಿನ ರಾತ್ರಿಯೇ ಮೊಸರು ಕಟ್ಟಿರಿ. ಹಲಗೆ ಇಲ್ಲದಿದ್ದರೆ ರೊಟ್ಟಿ ಬಡಿಯುವ ಕೊಣಮಿಗೆಯನ್ನು ಬೋರಲು ಹಾಕಿದರೂ ನಡೆದೀತು. ಆದರೆ ಸುತ್ತ ಕೂಡುವವರನ್ನು ಎಣಿಸುವಾಗ ಮನೆಯಾಕೆಯನ್ನೂ ಸೇರಿಸಿ ಎಣಿಸಿರಿ. ಎಂಟು ಜನ ಅತಿಥಿಗಳು ಎಂದರೆ ಹಾಕಬೇಕಾದ ಮಣೆಗಳು ಎಂಟಲ್ಲ, ಹತ್ತು.